ಇಗ್ನಾತನಿಗೆ ಎಡೆ ಇಡಬೇಕೋ ಬೇಡವೋ, ಹೇಳಿ

ದೇಶದ ಸೆರೆಮನೆಗಳ ಮೇಲಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಇಗ್ನಾತ್ ದೆರ್ಗಾಚ್ ಬದುಕಿದ್ದಾನೋ ಸತ್ತಿದ್ದಾನೋ? ಇಷ್ಟೇ ನನ್ನ ಪ್ರಶ್ನೆ. ಇದಕ್ಕೆ ಉತ್ತರ ಕೊಡಲು ತಾವು ಸಮಿತಿ ರಚಿಸಬೇಕಾಗಿಲ್ಲ, ತಜ್ಞರ ಅಭಿಪ್ರಾಯ ತರಿಸಬೇಕಾಗಿಲ್ಲ. ತಮ್ಮ ಕಾವಲುಗಾರರಲ್ಲಿ ಒಬ್ಬ ಎದ್ದು ಹೋಗಿ ಒಂದು ಬಾಗಿಲು ತೆರೆದು ಇಣುಕಿದರೆ ಸಾಕು. ಫೆಬ್ರವರಿಯಿಂದ ಈ ನವೆಂಬರಿನವರೆಗೆ ಆ ಒಬ್ಬ ಕಾವಲುಗಾರನಿಗೆ ಬಿಡುವಾಗಿಲ್ಲ. ಕಳೆದ ತಿಂಗಳಿಂದ ನಾನು ಬರೆದ ಅರ್ಜಿಗಳಿಗೆಲ್ಲ ತಮ್ಮ ಕಚೇರಿ, 'ತಾವು ಕೈದಿಯ ಸಂಬಂಧಿಯಲ್ಲವಾದ್ದರಿಂದ ಮಾಹಿತಿ ನೀಡಲಾಗುವುದಿಲ್ಲ' ಎಂದು ಉತ್ತರಿಸಿತು. ಸರಿ, ಒಪ್ಪಿದೆ. ನಾನು ಅವನ ಹೆಂಡತಿಯಾಗಿದ್ದವಳು, ಈಗ ಅಲ್ಲ. ಹೆತ್ತ ತಾಯಿ ಸಂಬಂಧಿ ಹೌದೋ ಅಲ್ಲವೋ? ಅವನ ತಾಯಿ ಮಲಾನ್ಯಾ ಸಹಿ ಹಾಕಿ ಕಳಿಸಿದ ಅರ್ಜಿಗೆ, 'ತಮ್ಮ ಮನವಿಯನ್ನು ಪರಿಶೀಲಿಸಲಾಗಿದೆ' ಎಂಬ ಉತ್ತರ ಬಂತು. ಪರಿಶೀಲಿಸಿ ಕಂಡದ್ದೇನು? ಅದನ್ನು ಬರೆಯುವಷ್ಟರಲ್ಲಿ ಶಾಯಿ ಮುಗಿದು ಹೋಯಿತೇ?

ಆಕೆಗೆ ಉತ್ತರ ಬರುವ ಶನಿವಾರದೊಳಗೆ ಬೇಕು. ಅಂದು ಹಿರಿಯರ ಊಟ. ತಾವೂ ಈ ನೆಲದಲ್ಲೇ ಹುಟ್ಟಿದವರು. ತಮ್ಮ ಅಜ್ಜಿಯೂ ಆ ಸಂಜೆ ಬಾಗಿಲು ತೆರೆದಿಟ್ಟು, ಸತ್ತವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಊಟಕ್ಕೆ ಕರೆದು, ಪ್ರತಿ ಅಡುಗೆಯಲ್ಲೂ ಒಂದು ಚಮಚ ತೆಗೆದು ಅವರಿಗೆಂದು ಬೇರೆ ತಟ್ಟೆಯಲ್ಲಿ ಎಡೆ ಇಟ್ಟಿರುತ್ತಾಳೆ. ಸತ್ತವನನ್ನು ಕರೆಯದೆ ಬಿಟ್ಟರೆ ಅವನು ವರ್ಷವಿಡೀ ಹಸಿದುಕೊಂಡು ಹೊರಗೆ ನಿಲ್ಲುತ್ತಾನೆ. ಬದುಕಿರುವವನನ್ನು ಅಪ್ಪಿತಪ್ಪಿ ಕರೆದರೋ, ನಮ್ಮ ಕೈಯಾರೆ ಅವನನ್ನು ಗುಂಡಿಗೆ ಇಳಿಸಿದ ಹಾಗೆ. ತಾವು ಇದನ್ನು ಮೂಢನಂಬಿಕೆ ಎನ್ನಬಹುದು, ನಾನೂ ಒಂದು ಕಾಲದಲ್ಲಿ ಎನ್ನುತ್ತಿದ್ದೆ. ಆದರೆ ಎಂಬತ್ತೇಳರ ಆ ಮುದುಕಿ ಶನಿವಾರ ಸಂಜೆ ಮಗನ ಹೆಸರು ಹೇಳಬೇಕೋ ಬೇಡವೋ ಎಂಬುದು ತಮ್ಮ ಒಂದು ಮಾತಿನ ಮೇಲೆ ನಿಂತಿದೆ. ಆ ಮಾತನ್ನು ಹೇಳಿಸಲೆಂದೇ ಈ ಪತ್ರ.

ತಮ್ಮ ಕಡತಗಳಲ್ಲಿ ಇಗ್ನಾತ್ 'ತೀವ್ರವಾದಿ'. ಅವನ ಅಂಗಿಯ ಮೇಲೆ ಹಳದಿ ಪಟ್ಟಿ ಹೊಲಿಸಿದ್ದೀರಿ, ಅಪಾಯ ದೂರದಿಂದಲೇ ಕಾಣಲಿ ಎಂದು. ಆ ಅಪಾಯದ ಜೊತೆ ಸಂಸಾರ ಮಾಡಿದವಳು ನಾನು, ನನ್ನನ್ನು ಕೇಳಿ. ಅವನು ಭಾಷಾಶಾಸ್ತ್ರ ಓದಿದವನು. ಪೊಲೇಸ್ಯೆಯ ಜೌಗು ಸೀಮೆಯಿಂದ ಮಿನ್ಸ್ಕಿಗೆ ಬಂದು, ಹಾಸ್ಟೆಲಿನಲ್ಲಿ ಬಾಯಿ ತೆರೆದ ಮೊದಲ ದಿನವೇ ಹಳ್ಳಿ ಗಮಾರ ಎನ್ನಿಸಿಕೊಂಡವನು. ಬೇರೆಯವರಾಗಿದ್ದರೆ ನಾಚಿ ನಾಲಿಗೆ ತಿದ್ದಿಕೊಳ್ಳುತ್ತಿದ್ದರು, ನಾವೆಲ್ಲ ಮಾಡಿದ್ದು ಅದನ್ನೇ. ಇವನು ನಕ್ಕವರ ಎದುರಿಗೇ ಇನ್ನಷ್ಟು ಗಟ್ಟಿಯಾಗಿ ತನ್ನೂರಿನ ಮಾತಾಡಿದ, ಅದನ್ನೇ ಓದಿದ, ಅದರಲ್ಲೇ ಡಾಕ್ಟರೇಟ್ ಪಡೆದ. ಬೇಸಿಗೆ ಬಂತೆಂದರೆ ಸೈಕಲ್ಲಿಗೆ ಟೇಪ್ ರೆಕಾರ್ಡರ್ ಕಟ್ಟಿಕೊಂಡು ಹಳ್ಳಿಹಳ್ಳಿ ತಿರುಗುವುದು, ಅಜ್ಜಿಯರ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು ಕೆಸರಿಗೆ ಏನಂತೀರಿ, ಹೊಳೆಯ ಮೇಲೆ ಮಂಜುಗಡ್ಡೆ ಬಿರಿಯುವ ಸದ್ದಿಗೆ ಏನಂತೀರಿ ಎಂದು ಕೇಳುವುದು, ಇದೇ ಅವನ ಕಸುಬು. ನಾನು ದಂತವೈದ್ಯೆ. "ನನ್ ಗಂಡನಿಗೆ ಊರೂರಲ್ಲಿ ಹೆಂಗಸ್ರು, ಒಬ್ಬಳ ಬಾಯಲ್ಲೂ ಹಲ್ಲಿಲ್ಲ" ಎಂದು ಗೆಳತಿಯರ ಮುಂದೆ ಹೇಳಿ ನಗಿಸುತ್ತಿದ್ದೆ. ಅವನು ಕೇಳಿಸಿಕೊಂಡು, "ಅದಕ್ಕೇ ಕಣೇ ನಿನ್ನ ಕಟ್ಕೊಂಡಿದ್ದು. ಇವತ್ತಲ್ಲ ನಾಳೆ ಅವ್ರಿಗೆಲ್ಲ ಹಲ್ಲು ಕಟ್ಟಿಕೊಡ್ತೀಯ ಅಂತ" ಎನ್ನುತ್ತಿದ್ದ. ಕಟ್ಟಿಕೊಟ್ಟೆ ಕೂಡ, ಐದಾರು ಜನಕ್ಕೆ. ಅವರಲ್ಲಿ ಒಬ್ಬಾಕೆ ಹಲ್ಲು ಬಂದ ಮೇಲೆ ಮೊದಲಿನ ಹಾಗೆ ಮಾತಾಡುವುದಿಲ್ಲ ಎಂದು ಅವನು ನನ್ನ ಮೇಲೆ ಮುನಿಸಿಕೊಂಡಿದ್ದ.

ಇಂಥವನನ್ನು ರಾಜಕಾರಣಿ ಮಾಡಿದವರು ಯಾರು ಗೊತ್ತೇ? ತಮ್ಮ ಆರೋಪಪಟ್ಟಿ ಹೇಳುವಂತೆ ವಿದೇಶಿ ಗೂಢಚಾರರಲ್ಲ, ಒಬ್ಬ ಶಾಲಾ ಮುಖ್ಯೋಪಾಧ್ಯಾಯಿನಿ. ನಮ್ಮ ಮಗಳು ಉಲ್ಯಾನಾಳನ್ನು ನಮ್ಮದೇ ಭಾಷೆಯ ತರಗತಿಗೆ ಸೇರಿಸಿದ್ದೆವು. ಮೊದಲ ವರ್ಷ ಕೋಣೆ ತುಂಬ ಮಕ್ಕಳು. ಆಮೇಲೆ ಮೇಲಿನವರ ಮನಸ್ಸು ಬದಲಾಯಿತು. ಅದು ಕಂಡದ್ದೇ ತಡ, ತಂದೆತಾಯಿಯರು ಒಬ್ಬೊಬ್ಬರಾಗಿ ಮಕ್ಕಳನ್ನು ರಷ್ಯನ್ ತರಗತಿಗೆ ದಾಟಿಸಿಬಿಟ್ಟರು. ಕೊನೆಗೆ ಆ ಕೋಣೆಯಲ್ಲಿ ಉಳಿದದ್ದು ಒಂದು ಕಪ್ಪುಹಲಗೆ, ಒಬ್ಬ ಟೀಚರು, ನನ್ನ ಮಗಳು. "ಅಮ್ಮಾ, ನಾನು ಕೈ ಎತ್ತದಿದ್ರೂ ಟೀಚರು ನನ್ನನ್ನೇ ಕೇಳ್ತಾರೆ" ಎಂದು ಮಗು ಗೋಳಾಡುತ್ತಿತ್ತು. ಮುಖ್ಯೋಪಾಧ್ಯಾಯಿನಿ ನಮ್ಮನ್ನು ಕರೆಸಿ, "ಒಂದ್ ಮಗೂಗೋಸ್ಕರ ಚಳೀಲಿ ಇಡೀ ಕೋಣೆ ಬಿಸಿ ಮಾಡೋಕಾಗುತ್ತಾ? ಹಠ ಯಾಕೆ ಸ್ವಾಮಿ, ಆ ಕಡೆ ಸೇರಿಸ್ಬಿಡಿ. ಎಲ್ರೂ ಸೇರಿಸಿಲ್ವಾ?" ಎಂದರು.

ಜೀವಮಾನದಲ್ಲಿ ಯಾರಿಗೂ ಗದರದ ಮನುಷ್ಯ ಮರುದಿನ ಶಿಕ್ಷಣ ಕಚೇರಿಯ ಮೆಟ್ಟಿಲ ಮೇಲೆ ಒಂದು ರಟ್ಟು ಹಿಡಿದು ನಿಂತ. 'ನನ್ನ ಮಗಳ ತರಗತಿ ಮುಚ್ಚಬೇಡಿ' ಎಂದು ಅದರ ಮೇಲೆ ಬರೆದಿತ್ತು, ಅಷ್ಟೇ. ಪೊಲೀಸರು ಎತ್ತಿಕೊಂಡು ಹೋದರು. ಹದಿನೈದು ದಿನ ಒಳಗಿದ್ದು ಬರುವಷ್ಟರಲ್ಲಿ ತರಗತಿ ಮುಚ್ಚಿತ್ತು, ಸಂಶೋಧನಾ ಸಂಸ್ಥೆಯ ಕೆಲಸ ಹೋಗಿತ್ತು, ಒಂದು ಪುಟ್ಟ ವಿರೋಧ ಪಕ್ಷದವರು ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. ಹೀಗೆ ಅವನು ರಾಜಕಾರಣಿಯಾದ. ನಿಜ ಹೇಳುತ್ತೇನೆ, ಅವನಷ್ಟು ಕೆಟ್ಟ ರಾಜಕಾರಣಿಯನ್ನು ನಾನು ಕಂಡಿಲ್ಲ. ಒಂದು ಸಭೆಯಲ್ಲಿ ಮುದುಕನೊಬ್ಬ ಎದ್ದು ನಿಂತು ಅವನನ್ನು ಬಾಯಿಗೆ ಬಂದ ಹಾಗೆ ಬೈಯತೊಡಗಿದ. ಇವನು ಭಾಷಣ ನಿಲ್ಲಿಸಿ, "ಯಜಮಾನ್ರೇ, ಒಂದ್ ನಿಮಿಷ. ನೀವು ಯಾವೂರಿನವ್ರು? ಕೊನೇಲಿ ಬೈದ್ರಲ್ಲ, ಅದನ್ನ ಇನ್ನೊಂದ್ಸಲ ಹೇಳಿ" ಎಂದು ಪೆನ್ನು ಹುಡುಕಿದ. ಬೈದವನೇ ನಗುತ್ತ ಕೂತ. ಇಂಥವನಿಗೆ ಹೆದರಿ ತಾವು ಪ್ರತಿ ಚುನಾವಣೆಗೆ ಮುಂಚೆ ಅವನನ್ನು ಹದಿನೈದು ದಿನ ಒಳಗೆ ಹಾಕುತ್ತಿದ್ದಿರಿ. ಕರೆಗಂಟೆ ಸದ್ದಾದರೆ ಸಾಕು, ನನ್ನ ಜೀವ ಬಾಯಿಗೆ ಬರುತ್ತಿತ್ತು. ನನಗೆ ಸಾಕಾಯಿತು, ಬಿಟ್ಟೆ. ಬಿಟ್ಟದ್ದು ಸರಿಯೆಂದೇ ಇಂದಿಗೂ ಅಂದುಕೊಂಡಿದ್ದೇನೆ. ಆದರೆ ಅವನ ಹಲ್ಲುಗಳನ್ನು ಮಾತ್ರ ಬೇರೆ ಯಾವ ವೈದ್ಯರೂ ಮುಟ್ಟಲು ಬಿಡಲಿಲ್ಲ.

ಆಮೇಲೆ, ಚುನಾವಣೆಯ ಫಲಿತಾಂಶ ಸುಳ್ಳೆಂದು ಊರಿಗೆ ಊರೇ ಬೀದಿಗಿಳಿದ ಆ ಬೇಸಿಗೆ ಬಂತು. ಅಷ್ಟು ವರ್ಷ ಖಾಲಿ ಕುರ್ಚಿಗಳಿಗೆ ಭಾಷಣ ಮಾಡಿದವನ ಹಿಂದೆ ಜನ ನಡೆದರು. ಚಳಿ ಬೀಳುವ ಮುಂಚೆ ತಮ್ಮವರು ಅವನನ್ನು ಮನೆಯ ಮೆಟ್ಟಿಲ ಮೇಲೇ ಹಿಡಿದರು. ಉಲ್ಯಾನಾ ಗಡಿ ದಾಟಿ ವಾರ್ಸಾ ಸೇರಿಕೊಂಡಳು. ಇಲ್ಲವಾದರೆ ಅವಳನ್ನೂ ಹಿಡಿಯುತ್ತಿದ್ದಿರಿ. ವಿಚಾರಣೆಯ ದಿನ ನಾನು ಕೋರ್ಟಿನಲ್ಲಿದ್ದೆ. ಅವನು ನಮ್ಮ ಭಾಷೆಯಲ್ಲಿ ಮಾತಾಡಿದ. ನ್ಯಾಯಾಧೀಶೆ, "ಎಲ್ರಿಗೂ ಅರ್ಥ ಆಗೋ ಭಾಷೇಲಿ ಮಾತಾಡಿ" ಎಂದರು. ಅವನು ಮೆಲ್ಲಗೆ, "ನಿಮ್ಮಜ್ಜಿಗೆ ಅರ್ಥ ಆಗ್ತಿತ್ತಮ್ಮ" ಎಂದ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು, ಅವರನ್ನು ಹೊರಗೆ ಹಾಕಿದರು. ಇವನಿಗೆ ಹತ್ತು ವರ್ಷ ವಿಧಿಸಿದರು. ಸಂವಿಧಾನ ನಮ್ಮ ಭಾಷೆಯನ್ನೂ ಆಡಳಿತ ಭಾಷೆ ಎನ್ನುತ್ತದೆ, ಆದರೆ ಆ ಭಾಷೆಯಲ್ಲಿ ಬರೆದ ಅವನ ಪತ್ರಗಳು ತಪಾಸಣೆಗೆ ಓದುವವರಿಲ್ಲವೆಂದು ತಮ್ಮ ಜೈಲಿನಲ್ಲೇ ಉಳಿದುಬಿಡುತ್ತಿದ್ದವು. ಯಾವ ದೇಶದಲ್ಲಿ ಕೂತು ತಾವು ಆಳುತ್ತಿದ್ದೀರಿ ಎಂದು ತಮಗೆ ಒಮ್ಮೆಯಾದರೂ ಅನುಮಾನ ಬರಲಿಲ್ಲವೇ?

ಇನ್ನು ತಮ್ಮ ಕಿಟಕಿಯ ವಿಚಾರಕ್ಕೆ ಬರುತ್ತೇನೆ. ಕೈದಿಗಳಿಗೆಂದು ಮನೆಯವರು ತಂದ ಪೊಟ್ಟಣ ತೆಗೆದುಕೊಳ್ಳುವ ಜೈಲಿನ ಕಿಟಕಿ. ತಾವು ಅಲ್ಲಿ ಸಾಲಿನಲ್ಲಿ ನಿಂತವರಲ್ಲ, ಆದ್ದರಿಂದ ಆ ಸಾಲಿನ ಹೆಂಗಸರ ಶಾಸ್ತ್ರ ತಮಗೆ ತಿಳಿಯದು. ಕಿಟಕಿಯಿಂದ ಈಚೆ ಬರುವವಳನ್ನು ಯಾರೂ 'ಹೇಗಿದ್ದಾನೆ' ಎಂದು ಕೇಳುವುದಿಲ್ಲ, 'ಯಾವಾಗ ಬಿಡುತ್ತಾರೆ' ಎಂದು ಕೇಳುವುದಿಲ್ಲ. ಕೇಳುವುದು ಒಂದೇ: "ತಗೊಂಡ್ರಾ?" ಮೊದಲ ಸಲ ನಾನು ಹೋದಾಗ ಸ್ತೆಫಾ ಎಂಬಾಕೆ ನನ್ನ ಚೀಲ ನೋಡಿ ತಲೆ ಚಚ್ಚಿಕೊಂಡಳು. ಬಟ್ಟೆ ಗಿರಣಿಯ ಕೆಲಸದವಳು, ಮಗ ಒಳಗಿದ್ದಾನೆ. "ಅಯ್ಯೋ ಅಕ್ಕಾ, ಮಿಠಾಯಿ ಹಿಂಗೇ ತಂದಿದೀರಲ್ಲ! ಕಾಗದ ಬಿಚ್ಚಿ, ಎಲ್ಲಾ ಬಿಚ್ಚಿ. ಚಾ ಪುಡಿ ಡಬ್ಬದಿಂದ ತೆಗೀರಿ. ಹಂದಿಕೊಬ್ಬು ತುಂಡು ಮಾಡಿ, ಇಲ್ಲಾಂದ್ರೆ ಅವ್ರೇ ಕೊಚ್ಚಿ ಹಾಕ್ತಾರೆ" ಎಂದು ನನ್ನ ಜೊತೆ ಬೆಂಚಿನ ಮೇಲೆ ಕೂತು ಒಂದೊಂದೇ ಬಿಚ್ಚಿದಳು. ನಾನು ಅಳುವುದನ್ನು ನೋಡಿ, "ಈಗ್ಲೇ ಯಾಕೆ ಅಳ್ತೀರಿ? ತಗೊಂಡ್ರು ಅಂದ್ರೆ ಇದಾರೆ ಅಂತ. ವಾಪಸ್ ಕೊಟ್ರೆ ಆಗ ಅಳಿ" ಎಂದಳು.

ತೆಗೆದುಕೊಂಡರು. ಪ್ರತಿ ಸಲವೂ ತೆಗೆದುಕೊಂಡರು. ಕಾಗದದಲ್ಲಿ ಕಳಿಸುವವಳೆಂದು ಮಲಾನ್ಯಾಳ ಹೆಸರು, ಹೊತ್ತು ತರುವವಳು ನಾನು. ಬೆಳ್ಳುಳ್ಳಿ, ಒಣಗಿಸಿದ ಬ್ರೆಡ್ಡು, ಚೀಸು, ಮುದುಕಿ ಹೆಣೆದ ಉಣ್ಣೆಯ ಕಾಲುಚೀಲ. ಅವನು ಸೇದುವುದಿಲ್ಲ, ಆದರೂ ಒಳಗೆ ಕೊಟ್ಟು ತೆಗೆದುಕೊಳ್ಳಲು ಬೇಕಾಗುತ್ತದೆಂದು ಸಿಗರೇಟು. ಪ್ರತಿ ಸಲ ಮಲಾನ್ಯಾಗೆ ಫೋನು ಮಾಡಿ, "ತಗೊಂಡ್ರು ಅತ್ತೆ" ಎಂದರೆ, ಆ ಕಡೆಯಿಂದ ಅವಳು ದೇವರ ಹೆಸರು ಹೇಳಿಕೊಳ್ಳುವುದು ಕೇಳಿಸುತ್ತಿತ್ತು. ಇಡೀ ದೇಶದ ಹೆಂಗಸರು ಹೀಗೇ ಬದುಕಿದ್ದೇವೆ, ಮಾನ್ಯರೇ. ತಮ್ಮ ಕಿಟಕಿ ನುಂಗಿದರೆ ನಮ್ಮವರು ಇದ್ದಾರೆ ಎಂದು ನಂಬಿಕೊಂಡು.

ಕಳೆದ ತಿಂಗಳು ಅಲ್ಗೆರ್ದ್ ಎಂಬ ಬಸ್ ಚಾಲಕ ನನ್ನ ಮನೆಗೆ ಬಂದ. ಶಿಕ್ಷೆ ಮುಗಿಸಿ ಹೊರಬಂದವನು, ಇಗ್ನಾತನ ಬ್ಯಾರಕ್ಕಿನಲ್ಲೇ ಇದ್ದವನು. ಕುರ್ಚಿಯ ಅಂಚಿನಲ್ಲಿ ಕೂತ, ಚಾ ಮುಟ್ಟಲಿಲ್ಲ. "ಡಾಕ್ಟ್ರಮ್ಮಾ, ನೀವು ಕಟ್ಟಿದ್ದ ಹಲ್ಲು ಹೋದ ವರ್ಷಾನೇ ಮುರಿದ್ರು" ಎಂದು ಶುರುಮಾಡಿದ. "ಬ್ರೆಡ್ಡು ನೀರಲ್ಲಿ ನೆನೆಸಿ ತಿಂತಿದ್ರು. ಮಾತು ಸರಿಯಾಗಿ ಕೇಳಿಸ್ತಿರ್ಲಿಲ್ಲ. ಆದ್ರೂ ಬಾಯಿ ಸುಮ್ನಿರ್ಬೇಕಲ್ಲ! ಹೊಸದಾಗಿ ಯಾವ ಕಳ್ಳ ಬರ್ಲಿ, ಕುಡುಕ ಬರ್ಲಿ, ಪಕ್ಕದಲ್ಲಿ ಕೂತು, ನಿಮ್ಮೂರು ಯಾವ್ದಪ್ಪಾ, ನಿಮ್ಮಜ್ಜಿ ಇದಕ್ಕೇನಂತಿದ್ರು ಅಂತ ಕೇಳೋದು. ಕೊಲೆ ಮಾಡಿ ಬಂದೋನು ಒಬ್ಬ, ಅಜ್ಜಿ ಮಾತು ಹೇಳ್ತಾ ಹೇಳ್ತಾ ಅತ್ತುಬಿಟ್ಟ. ಗುಂಪು ಕಟ್ತಿದಾರೆ ಅಂತ ಶಿಕ್ಷೆ ಕೋಣೆಗೆ ಹಾಕಿದ್ರು. ಅಲ್ಲಿ ಹಾಸ್ಗೆ ಇಲ್ಲ, ಬರೀ ಸಿಮೆಂಟು. ಬಂದ್ರು, ಮತ್ತೆ ಹಾಕಿದ್ರು. ಫೆಬ್ರವರಿಲಿ ಎಳ್ಕೊಂಡು ಹೋದ್ರು, ಆಗ ಕಾಲು ಊರೋಕೂ ಆಗ್ತಿರ್ಲಿಲ್ಲ. ಆಮೇಲೆ ಬರ್ಲೇ ಇಲ್ಲ."

"ಇಲ್ಲ, ಇಲ್ಲ. ಮೊನ್ನೆ ಮೊನ್ನೆ ಸೆಪ್ಟೆಂಬರಲ್ಲೂ ಪೊಟ್ಟಣ ತಗೊಂಡಿದಾರೆ" ಎಂದೆ ನಾನು.

ಅವನು ನನ್ನ ಮುಖ ನೋಡಲಿಲ್ಲ. "ಅವ್ರ ಮಂಚದಲ್ಲಿ ಮಾರ್ಚ್‌ನಿಂದ ಬೇರೆಯವ್ರು ಮಲಗ್ತಿದಾರಮ್ಮಾ" ಎಂದ.

ನಾನು ಮರುದಿನವೇ ತಮ್ಮ ಕಿಟಕಿಗೆ ಹೋದೆ. ಒಳಗಿದ್ದಾಕೆ ಎಂದಿನಂತೆ ಕೈ ಚಾಚಿದಳು. ನಾನು ಪೊಟ್ಟಣ ಕೊಡಲಿಲ್ಲ. "ಮೊದ್ಲು ಹೇಳಿ. ಇಗ್ನಾತ್ ದೆರ್ಗಾಚ್ ಇಲ್ಲಿ ಇದಾನಾ?"

"ಅದೆಲ್ಲ ಹೇಳೋ ಹಾಗಿಲ್ಲ. ಕೊಡೋದಿದ್ರೆ ಕೊಡಿ."

"ಫೆಬ್ರವರಿಯಿಂದ ಅವ್ನು ಬ್ಯಾರಕ್ಕಲ್ಲಿಲ್ಲ. ನೀವು ಸೆಪ್ಟೆಂಬರ್‌ವರೆಗೂ ತಗೊಂಡಿದೀರಿ."

"ಹೆಸರು ಬರೆದು ಕೊಡ್ತೀರಿ, ತಗೋತೀವಿ. ತಗೊಂಡ್ವಿ ಅಂದ್ರೆ ಇದಾನೆ ಅಂತ ನಿಮ್ಗೆ ಯಾರಮ್ಮಾ ಹೇಳಿದ್ದು?"

"ಹಾಗಾದ್ರೆ ತಿಂದೋರು ಯಾರು?"

"ನೆಕ್ಸ್ಟು ಬನ್ನಿ."

ನನ್ನ ಹಿಂದೆ ಸ್ತೆಫಾ ನಿಂತಿದ್ದಳು. ಅವಳ ಕೈಯಲ್ಲಿ ಮಗನಿಗೆ ತಂದ ಚೀಲ. ಈ ಮಾತೆಲ್ಲ ಅವಳಿಗೂ ಕೇಳಿಸಿತ್ತು, ಅವಳ ಹಿಂದಿನವಳಿಗೂ, ಅವಳ ಹಿಂದಿನವಳಿಗೂ. ನಾನು ಈಚೆ ಬಂದಾಗ ಅಷ್ಟು ಹೆಂಗಸರಲ್ಲಿ ಒಬ್ಬಳೂ 'ತಗೊಂಡ್ರಾ' ಎಂದು ಕೇಳಲಿಲ್ಲ. ತಾವು ಆ ದಿನ ಏನು ಕಿತ್ತುಕೊಂಡಿರಿ ಗೊತ್ತೇ, ಮಾನ್ಯರೇ? ಹಂದಿಕೊಬ್ಬು ಹೋಗಲಿ, ತಮ್ಮ ಸಿಬ್ಬಂದಿಗೆ ಸಂಬಳ ಸಾಲದಿರಬಹುದು, ತಿನ್ನಲಿ. ಮುದುಕಿಯ ಕಾಲುಚೀಲ ಯಾರ ಕಾಲಿಗೆ ಸರಿಹೋಯಿತೋ, ಹಾಕಿಕೊಳ್ಳಲಿ. ಆ ಸಾಲಿಗೆ ಇದ್ದ ಒಂದೇ ಒಂದು ನಂಬಿಕೆಯನ್ನು ತಿಂದುಬಿಟ್ಟಿರಿ. ಕಿಟಕಿ ತೆಗೆದುಕೊಂಡರೆ ಬದುಕಿದ್ದಾನೆ ಎಂದು ಯಾರೂ ನಮಗೆ ಹೇಳಿರಲಿಲ್ಲ, ನಿಜ. ನಾವೇ ಕಟ್ಟಿಕೊಂಡಿದ್ದೆವು, ತಾವು ಬಾಯಿ ಮುಚ್ಚಿಕೊಂಡು ಅದರ ಲಾಭ ಪಡೆದಿರಿ. ಥೂ! ಪತ್ರದ ಮರ್ಯಾದೆಗೆ ಈ ಶಬ್ದ ಒಗ್ಗುವುದಿಲ್ಲ, ಬಲ್ಲೆ. ಹೊಡೆದುಹಾಕುವುದಿಲ್ಲ.

ಫೋನಿನಲ್ಲಿ ಹೇಳುವ ಮಾತಲ್ಲವೆಂದು ಹಳ್ಳಿಗೆ ಹೋದೆ. ಮಲಾನ್ಯಾ ಒಲೆಯ ಮೇಲೆ ಅಣಬೆ ಒಣಹಾಕುತ್ತಿದ್ದಳು. ಎಲ್ಲವನ್ನೂ ಹೇಳಿದೆ, ಹಲ್ಲಿನ ಮಾತೊಂದನ್ನು ಬಿಟ್ಟು. ಆಕೆ ಅಳಲಿಲ್ಲ. ಕೈಯಲ್ಲಿದ್ದ ಅಣಬೆಗಳನ್ನು ಒಲೆಯ ಮೇಲೆ ಹರವಿ, "ಅಂದ್ರೆ ಸತ್ತವ್ನೆ ಅಂತಾನೂ ಯಾರೂ ಹೇಳಿಲ್ಲ" ಎಂದಳು.

"ಇಲ್ಲ ಅತ್ತೆ. ಅದೂ ಹೇಳಿಲ್ಲ."

"ಹಂಗಾದ್ರೆ ಹಿರೇರ ಊಟಕ್ಕೆ ನಾನು ಏನ್ ಮಾಡ್ಲಿ ಮಗಾ?"

ನನಗೆ ತೋಚಿದ್ದನ್ನು ಹೇಳಿದೆ. "ಈ ವರ್ಷ ಕರೀಬೇಡಿ ಅತ್ತೆ. ಗೊತ್ತಾದ ಮೇಲೆ ನೋಡೋಣ."

ಮುದುಕಿ ಸಿಡಿದೆದ್ದಳು. "ಏನೇ, ದೊಡ್ಡ ಡಾಕ್ಟ್ರು ನೀನು, ಇಷ್ಟೇನಾ ನಿನ್ ತಲೆ? ಯುದ್ಧದಾಗೆ ನಮ್ಮಪ್ಪ ಕಾಣೆಯಾದ. ಬತ್ತಾನೆ ಬತ್ತಾನೆ ಅಂತ ನಮ್ಮವ್ವ ಅವ್ನನ್ನ ಊಟಕ್ಕೆ ಕರೀಲೇ ಇಲ್ಲ. ಎಷ್ಟೋ ವರ್ಷ ಆದ್ಮೇಲೆ ಅವ್ನ ಜೊತೆಗಿದ್ದೋನು ಒಬ್ಬ ಬಂದು ಹೇಳ್ದ, ಮೊದಲ್ನೇ ಚಳೀಲೇ ಹೋಗ್ಬುಟ್ಟ ಅಂತ. ಅಷ್ಟು ವರ್ಷ ನನ್ ಗಂಡ ಬಾಗ್ಲಾಗೆ ನಿಂತು ನಾವು ಉಣ್ಣೋದು ನೋಡ್ತಿದ್ದ ಅಂತ ಅವ್ವ ಸಾಯೋಗಂಟ ಎದೆ ಬಡ್ಕಂಡ್ಳು. ನನ್ ಮಗನ್ನ ಹಂಗೆ ನಿಲ್ಸಾಕಿಲ್ಲ ನಾನು."

"ಹಾಗಾದ್ರೆ ಕರೀತೀರಾ?"

"ಅವ್ನು ಉಸ್ರಾಡ್ತಾ ಇದ್ರೆ? ಹೆತ್ತ ಬಾಯಲ್ಲೇ ಕರ್ದು ಸಾಯ್ಸಾ ಅಂತೀಯ?"

ಎರಡರಲ್ಲೊಂದು ಆಕೆಗೆ ತಿಳಿದಿದ್ದರೆ ತಡೆದುಕೊಳ್ಳುತ್ತಿದ್ದಳು. ಗಂಡನನ್ನು ಮಣ್ಣು ಮಾಡಿದವಳು, ಮಗನನ್ನು ಹತ್ತು ಹಲವು ಸಲ ಪೊಲೀಸರ ಕೈಗೆ ಕೊಟ್ಟು ಮತ್ತೆ ಪಡೆದವಳು. ಈ ನಡುವಿನ ಜಾಗದಲ್ಲಿ ನಿಲ್ಲಿಸಿದ್ದೀರಲ್ಲ, ಇದನ್ನು ಮಾತ್ರ ಆಕೆ ತಡೆಯಲಾರಳು. ಒಬ್ಬ ಮನುಷ್ಯನನ್ನು ಕೊಲ್ಲುವುದು ತಮಗೆ ಹೊಸದಲ್ಲ. ಅವನು ಸತ್ತನೆಂದು ಹೇಳುವಷ್ಟು ಧೈರ್ಯವೂ ತಮ್ಮ ಇಡೀ ಇಲಾಖೆಯಲ್ಲಿ ಯಾರಿಗೂ ಇಲ್ಲವೇ? ಬದುಕಿದ್ದರೆ, ಹಲ್ಲಿಲ್ಲದ ಬಾಯಿಂದ ಅವನು ಆಡುವ ಒಂದು ಮಾತು ಹೊರಗೆ ಬಿದ್ದರೆ ತಮ್ಮ ಗೋಡೆ ಕುಸಿಯುತ್ತದೆಯೇ?

ಮಲಾನ್ಯಾ ಒಂದು ರಾತ್ರಿ ಯೋಚಿಸಿ ಬೆಳಿಗ್ಗೆ ನನಗೆ ತೀರ್ಮಾನ ಹೇಳಿದಳು. ಅದನ್ನು ತಮಗೆ ಮುಂಚಿತವಾಗಿ ತಿಳಿಸುತ್ತಿದ್ದೇನೆ. ಈ ಸಲ ಹಿರಿಯರ ಊಟ ಆಕೆಯ ಮನೆಯಲ್ಲಿಲ್ಲ. ಶನಿವಾರ ಆಕೆ ಜೇನು ಹಾಕಿದ ಬಾರ್ಲಿ ಗಂಜಿ, ಬ್ಲಿನಿ ದೋಸೆ, ಅಣಬೆ, ಕೊಬ್ಬಿನಲ್ಲಿ ಹುರಿದ ಆಲೂಗೆಡ್ಡೆ ಎಲ್ಲವನ್ನೂ ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಾಳೆ. ತಮ್ಮ ಕಿಟಕಿಯ ಮುಂದಿನ ಬೆಂಚಿನ ಮೇಲೆ, ನಾವು ಮಿಠಾಯಿಯ ಕಾಗದ ಬಿಚ್ಚುವ ಆ ಬೆಂಚಿನ ಮೇಲೆ, ಬಿಳಿ ಬಟ್ಟೆ ಹಾಸಿ ಬಡಿಸುತ್ತಾಳೆ. ಅನುಮತಿಯಿಲ್ಲದ ಸಭೆ ಎಂದು ತಾವು ಕೇಸು ಹಾಕಬಹುದು, ಆದರೆ ಸಭೆಗೆ ಬರುವವರಲ್ಲಿ ಹೆಚ್ಚಿನವರು ಸತ್ತವರು, ಅವರ ವಿಳಾಸ ತಾವೇ ಹುಡುಕಿಕೊಳ್ಳಬೇಕು. ದಾರಿಯಲ್ಲೇ ತಡೆಯಬಹುದು. ತಡೆದ ಕಡೆಯೇ ಬಡಿಸುತ್ತಾಳಂತೆ, ಅದು ಬಸ್ ನಿಲ್ದಾಣವಾಗಲಿ, ಪೊಲೀಸ್ ವ್ಯಾನಾಗಲಿ. ನನ್ನ ಮೇಲೂ ಕೈ ಹಾಕಬಹುದು. ಈ ಪತ್ರವನ್ನು ಗಡಿಯಾಚೆ ಅಚ್ಚು ಹಾಕಿಸಿ ನಾನು ಈಚೆಯೇ ಉಳಿದಿದ್ದೇನೆ, ಬೆಚ್ಚನೆಯ ಬಟ್ಟೆ ತುಂಬಿದ ಚೀಲ ಬಾಗಿಲ ಬಳಿ ಇದೆ.

ನಮ್ಮ ಬೇಡಿಕೆ ಇದು. ಆಕೆ ಗಂಡನನ್ನು ಕರೆಯುತ್ತಾಳೆ, ಅಪ್ಪನನ್ನು ಕರೆಯುತ್ತಾಳೆ, ಅವ್ವನನ್ನು ಕರೆಯುತ್ತಾಳೆ. ಆಮೇಲೆ ನಿಲ್ಲಿಸಿ ತಮ್ಮ ಕಿಟಕಿಯ ಕಡೆ ನೋಡುತ್ತಾಳೆ. ಆಗ ಒಳಗಿನಿಂದ ಯಾರಾದರೂ ಒಬ್ಬರು 'ಕರೀಬೇಡಮ್ಮಾ, ಇದಾನೆ' ಎನ್ನಬೇಕು, ಇಲ್ಲವೇ 'ಕರೀಯಮ್ಮಾ' ಎನ್ನಬೇಕು. ತಾವೇ ಬಂದು ಹೇಳಿದರೆ ಇನ್ನೂ ಒಳ್ಳೆಯದು. ಯಾರೂ ಬಾಯಿ ಬಿಡದಿದ್ದರೆ ಏನು ಮಾಡುತ್ತೀರಿ ಎಂದು ನಾನು ಆಕೆಯನ್ನು ಕೇಳಿದೆ. ಆಕೆ ಹೇಳಿದ್ದನ್ನು ಒಂದು ಮಾತೂ ಬದಲಿಸದೆ ಇಲ್ಲಿ ಇಡುತ್ತಿದ್ದೇನೆ:

"ಅವ್ರು ಸುಮ್ಕಿದ್ರೆ ನಾನು ಕರೀತೀನಿ. ಅವ್ನು ಆಗ ಬದ್ಕಿದ್ರೆ, ನನ್ ಬಾಯಿಂದ ನನ್ ಮಗನ್ನ ಸಾಯ್ಸಿದೋರು ಅವ್ರು."

ಇಂತಿ,
ಶನಿವಾರ ಮುದುಕಿಯ ಬುಟ್ಟಿ ಹೊತ್ತು ಬರಲಿರುವ,
ರೆಗಿನಾ ಯುರ್ಗೆಲ್
ನಿವೃತ್ತ ದಂತವೈದ್ಯೆ, ಮಿನ್ಸ್ಕ್